ಎಫ್ ಟು ಒತ್ತಿದ ಮೇಲೆ

ಅಕ್ಟೋಬರ್ 2, ಗುರುವಾರ, ವಿಜಯದಶಮಿ

ಸಾರಿ. ಬರೆಯಬಾರದು ಅಂತಲೇ ಇದ್ದೆ. ಏಳನೇ ಕ್ಲಾಸಿನಲ್ಲಿ ಹಾಸ್ಟೆಲ್ ರೂಮಿನವರೆಲ್ಲ ಸೇರಿ ನನ್ನ ಡೈರಿಯನ್ನು ಮಂಚದ ಮೇಲೆ ನಿಂತು ಓದಿ ನಕ್ಕ ಮೇಲೆ ಇನ್ನು ಈ ಜನ್ಮದಲ್ಲಿ ಬರೆಯಲ್ಲ ಅಂದುಕೊಂಡಿದ್ದೆ. ಈಗ ಡ್ರಾಯಿಂಗ್ ಶೀಟಿನ ಹಿಂದುಗಡೆ ಬರೀತಿದ್ದೀನಿ. ಸಾರಿ ಯಾರಿಗೆ ಹೇಳ್ತಿದ್ದೀನಿ ಅಂತಲೂ ಗೊತ್ತಿಲ್ಲ. ಓದುವವರು ಯಾರೂ ಇಲ್ಲ, ಇರಲೂ ಕೂಡದು. ಆದರೆ ಎಲ್ಲಾದರೂ ಹೇಳದಿದ್ದರೆ ತಲೆ ಸಿಡಿದು ಹೋಗುತ್ತೆ.

ಮಾವನ ವೇಬ್ರಿಡ್ಜ್ ಕಂಪ್ಯೂಟರನ್ನು ನಾನು ಕೆಡಿಸಿದ್ದೀನಿ.

ದಸರಾ ರಜೆಗೆ ಮಂಡ್ಯದ ಕಾಲೇಜ್ ಹಾಸ್ಟೆಲಿನಿಂದ ನೇರ ಪೂರಿಗಾಲಿಗೆ, ನಮ್ಮ ಮನೆಗೆ ಹೋಗಬೇಕಿತ್ತು. ಅಮ್ಮ ಫೋನಿನಲ್ಲಿ, "ಮೊದ್ಲು ಮಾವನ ಮನೆಗೆ ಓಗು ಅಮೃತಾ, ಪೂಜೆಗೆ ನೀನು ಬತ್ತೀಯ ಅಂತ ಊರ್ಗೆಲ್ಲ ಸಾರ್ಬುಟ್ಟವ್ನೆ" ಅಂದಳು. ಚಲುವರಾಜು ಮಾವ ಅಮ್ಮನ ತಮ್ಮ. ಬೆಸಗರಹಳ್ಳಿಯಿಂದ ಮದ್ದೂರಿಗೆ ಹೋಗುವ ರೋಡಿನ ಪಕ್ಕದಲ್ಲಿ ಅವನ ವೇಬ್ರಿಡ್ಜ್. ಕಬ್ಬಿನ ಟ್ರ್ಯಾಕ್ಟರು, ಭತ್ತದ ಲಾರಿ ಬಂದು ಕಬ್ಬಿಣದ ಹಲಗೆ ಮೇಲೆ ನಿಲ್ಲುತ್ತವೆ. ಪಕ್ಕದ ರೂಮಿನಲ್ಲಿರುವ ಪೆಟ್ಟಿಗೆ ಮೇಲೆ ಕೆಂಪು ಅಂಕಿಯಲ್ಲಿ ತೂಕ ಬರುತ್ತೆ. ಪೆಟ್ಟಿಗೆಯಿಂದ ಒಂದು ವೈರು ಕಂಪ್ಯೂಟರಿಗೆ, ಕಂಪ್ಯೂಟರಿನಿಂದ ಚೀಟಿ. ಆ ರೂಮಿನಲ್ಲಿ ಕೂತು ಚೀಟಿ ಕೊಡುವವಳು ಮಂಗಳಮ್ಮ. ನಮ್ಮಮ್ಮನಿಗಿಂತ ದೊಡ್ಡವಳು, ಆದರೂ ಎಲ್ಲರ ಹಾಗೆ ನಾನೂ ಮಂಗಳಕ್ಕ ಅಂತೀನಿ.

ನಿನ್ನೆ ಆಯುಧಪೂಜೆ. ವರ್ಷವೆಲ್ಲ ಬಿಚ್ಚದ ಪ್ಲಗ್ಗನ್ನು ಆ ಒಂದು ದಿನ ಬಿಚ್ಚುತ್ತಾರೆ. ಆವತ್ತು ಯಾವ ಆಯುಧವೂ ದುಡಿಯುವ ಹಾಗಿಲ್ಲ, ಕಂಪ್ಯೂಟರ್ ಕೂಡ. ಮಂಗಳಕ್ಕ ಮೇಜು ತೊಳೆದು, ಮಾನಿಟರಿಗೆ ವಿಭೂತಿಪಟ್ಟೆ ಬಳಿದು, ಸಿಪಿಯುಗೆ ಚೆಂಡುಹೂವಿನ ಹಾರ ಹಾಕಿ, ಕೀಬೋರ್ಡಿನ ಮುಂದೆ ಕಡಲೆಪುರಿ ಸುರಿದಿದ್ದಳು. ಇವತ್ತು ಬೆಳಿಗ್ಗೆ ಮತ್ತೆ ಪ್ಲಗ್ ಹಾಕಿ ಮೊದಲ ತೂಕ. ಕರಿಯಪ್ಪ ಅನ್ನುವವರ ಟ್ರ್ಯಾಕ್ಟರು ಬಾಳೆಕಂದು ಕಟ್ಟಿಕೊಂಡು ಹಲಗೆ ಹತ್ತಿ ನಿಂತಿತ್ತು. ಮಂಗಳಕ್ಕ ಹೊರಗೆ ಬೂದುಗುಂಬಳ ಒಡೆಸುತ್ತಿದ್ದಳು. ಮಾವ ಎಲ್ಲರಿಗೂ ಕೇಳುವ ಹಾಗೆ, "ಈ ಸಲ ನಮ್ ಇಂಜಿನಿಯರ್ ಕೈಲೇ ಸ್ವಿಚ್ ಆಕ್ಸಾನ" ಅಂತ ನನ್ನನ್ನು ಒಳಗೆ ತಳ್ಳಿದ.

ಇಂಜಿನಿಯರ್ ಅಂತೆ. ಕಾಲೇಜಿಗೆ ಸೇರಿ ಎರಡು ತಿಂಗಳೂ ಆಗಿಲ್ಲ. ನಮಗೆ ಇನ್ನೂ ಕೆಮಿಸ್ಟ್ರಿ ಲ್ಯಾಬ್ ನಡೀತಿದೆ.

ಆನ್ ಮಾಡಿದೆ. ಕಪ್ಪು ಸ್ಕ್ರೀನು, ಬಿಳಿ ಇಂಗ್ಲಿಷು. ಒಳಗಿನ ಚಿಕ್ಕ ಬ್ಯಾಟರಿ ವೀಕ್ ಆಗಿದೆ, ಎಫ್ ಒನ್ ಒತ್ತಿದರೆ ಇದ್ದ ಹಾಗೇ ಮುಂದಕ್ಕೆ, ಎಫ್ ಟು ಒತ್ತಿದರೆ ಡಿಫಾಲ್ಟ್ ಸೆಟ್ಟಿಂಗ್ಸ್. ಕಿಟಕಿ ತುಂಬ ಮುಖಗಳು. ಡಿಫಾಲ್ಟ್ ಅಂದರೆ ಕಂಪನಿಯವರೇ ಇಟ್ಟದ್ದು, ಅದರಲ್ಲಿ ತಪ್ಪು ಹೇಗಿರುತ್ತೆ ಅನ್ನಿಸಿತು. ಎಫ್ ಟು ಒತ್ತಿದೆ.

ಕಂಪ್ಯೂಟರ್ ಬಂತು. ಹೊರಗೆ ಚಪ್ಪಾಳೆ. ಆದರೆ ಸ್ಕ್ರೀನಿನಲ್ಲಿ ತೂಕ ಸೊನ್ನೆ. ಪಕ್ಕದ ಪೆಟ್ಟಿಗೆಯಲ್ಲಿ ಕೆಂಪಗೆ ಸರಿಯಾದ ತೂಕ ಉರಿಯುತ್ತಿದೆ, ಸ್ಕ್ರೀನಿನಲ್ಲಿ ಬರೀ ಸೊನ್ನೆ. ತಾರೀಖು ನೋಡಿದರೆ 2009ರ ಜನವರಿ ಒಂದು. ಆಗ ನಾನು ಎರಡು ವರ್ಷದವಳು.

ಮಂಗಳಕ್ಕ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. "ಎಫ್ ಒನ್ ಒತ್ತುದ್ಯಾ ಮಗಾ? ದಸ್ರಾ ದಸ್ರಾಕೂ ಇದೇ ಗೋಳು ಇದ್ರದ್ದು. ಎಫ್ ಒನ್ ಒತ್ತುದ್ರೆ ಸುಮ್ಕಾಯ್ತದೆ."

ಹೂಂ ಅಂದುಬಿಟ್ಟೆ.


ಅಕ್ಟೋಬರ್ 3, ಶುಕ್ರವಾರ

ತಾರೀಖು ಸರಿ ಮಾಡಿದೆ. ಅಷ್ಟಕ್ಕೇ ಮಾವ ಬೆನ್ನು ತಟ್ಟಿ, "ನೋಡ್ರಲಾ, ಹದಿನಾರು ವರ್ಸ ಒಂದೇ ಏಟ್ಗೆ ದಾಟುಸ್ಬುಟ್ಳು" ಅಂದ. ತೂಕ ಮಾತ್ರ ಇನ್ನೂ ಸೊನ್ನೆಯೇ.

ಫೋನಿನಲ್ಲಿ ಹುಡುಕಿ ಓದಿದೆ. ಕಂಪ್ಯೂಟರಿನೊಳಗೆ ಅಂಗಿ ಗುಂಡಿಯಷ್ಟು ಪುಟ್ಟ ಬ್ಯಾಟರಿ ಇರುತ್ತೆ. ಕರೆಂಟು ಇಲ್ಲದಾಗಲೂ ಕೆಲವು ಸೆಟ್ಟಿಂಗುಗಳನ್ನು ಅದು ಕಾಪಾಡಿ ಇಟ್ಟುಕೊಂಡಿರುತ್ತೆ. ತಾರೀಖು, ಯಾವ ವೈರಿನ ಮಾತು ಕೇಳಬೇಕು, ಹೇಗೆ ಕೇಳಬೇಕು, ಹೀಗೆ. ಈ ಕಂಪ್ಯೂಟರ್ ತಂದು ಕೂರಿಸಿದವರು ಆ ಪೆಟ್ಟಿಗೆಗೆ ಹೊಂದುವ ಹಾಗೆ ಏನೋ ಬದಲಿಸಿ ಇಟ್ಟಿದ್ದರು. ನಾನು ಎಫ್ ಟು ಒತ್ತಿದಾಗ ಅದು ಅಳಿಸಿ ಹೋಯಿತು. ಏನಿತ್ತು ಅಂತ ಯಾರಿಗೂ ಗೊತ್ತಿಲ್ಲ. ಕೂರಿಸಿದ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತಂತೆ.

ಮಂಗಳಕ್ಕ ಈಗ ಕೆಂಪು ಅಂಕಿ ನೋಡಿಕೊಂಡು ಕೈಯಲ್ಲೇ ಚೀಟಿ ಬರೀತಿದ್ದಾಳೆ. ಕೈಚೀಟಿ ಅಂದರೆ ಜನ ಮೂಗು ಮುರೀತಾರೆ. "ಏನ್ ಮಂಗಳಕ್ಕ, ರೇಸನ್ ಅಂಗ್ಡಿ ಇಟ್ಕಂಡ್ಯಾ?" ಅಂತ ಒಬ್ಬ. "ಕೊಡ್ತೀನಿ, ಚೀಲ ತಗಂಡ್ ಬಾ" ಅಂತ ಇವಳು.

ಅವಳ ಪ್ರಕಾರ ತಪ್ಪು ಬೂದುಗುಂಬಳದ್ದು. "ಒಂದೇ ಏಟ್ಗೆ ಒಡೀಲಿಲ್ಲ ಕಣವ್ವ. ಉರುಳ್ಕಂಡ್ ಮೋರಿಗೋಯ್ತು. ಆಗ್ಲೇ ಅಂದ್ಕಂಡೆ, ದೃಷ್ಟಿ ಇಲ್ಲೇ ಉಳೀತು ಅಂತ."

ನಾನು ಹೌದಕ್ಕ ಅಂದೆ. ಎಷ್ಟು ಸುಲಭವಾಗಿ ಅಂದೆ!


ಅಕ್ಟೋಬರ್ 4, ಶನಿವಾರ

ಇಂಟರ್‌ನೆಟ್ಟಿನಲ್ಲಿ ಎಲ್ಲರದೂ ಒಂದೇ ಔಷಧಿ. ರಿಸೆಟ್ ಮಾಡಿ. ಮಾಡಿದೆ. ಸೊನ್ನೆ. ಬ್ಯಾಟರಿ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿ. ಹಾಕಿದೆ. ಸೊನ್ನೆ, ಮತ್ತೆ 2009.


ಅಕ್ಟೋಬರ್ 6, ಸೋಮವಾರ

ಪೂರಿಗಾಲಿಗೆ ಹೋಗ್ತೀನಿ ಮಾವ ಅಂದೆ. "ಇದ್ನ ಇಂಗೆ ಬುಟ್ಟು ಎಲ್ಗೆ ಓದೀಯಾ? ಮೇಷ್ಟ್ರು ಅರ್ಧ ಪಾಠಕ್ಕೆ ಎದ್ದು ಓಯ್ತಾರಾ? ಸರಿ ಮಾಡ್ಬುಟ್ಟು, ಕೋಳಿಸಾರು ಉಂಡು ಓಗು." ಅಮ್ಮನಿಗೆ ಫೋನ್ ಮಾಡಿದರೆ ಅವಳೂ, "ಮಾವ ಅಷ್ಟು ಆಸೆ ಇಕ್ಕಂಡವ್ನೆ ಕಣೇ, ಮಾಡ್ಕೊಟ್ಟು ಬಾ" ಅಂತಾಳೆ. ನನ್ನ ಬ್ಯಾಗ್ ಮಾವನ ಮನೆಯ ಅಟ್ಟದ ಮೇಲಿದೆ. ಬಿಚ್ಚಿದ ಬಟ್ಟೆಯನ್ನು ದಿನಾ ಮಡಚಿ ಮತ್ತೆ ಅದರೊಳಗೇ ಇಡ್ತೀನಿ.

ಈ ರೂಮಿಗೆ ಒಂದೇ ಕಿಟಕಿ. ಲಾರಿ ಹಲಗೆ ಹತ್ತಿದಾಗ ಮೇಜು, ಕುರ್ಚಿ, ನನ್ನ ಹೊಟ್ಟೆ ಎಲ್ಲ ಒಟ್ಟಿಗೆ ನಡುಗುತ್ತವೆ. ಕಿಟಕಿಯಲ್ಲಿ ಬಗ್ಗಿದವರೆಲ್ಲ ಒಂದೇ ಕೇಳ್ತಾರೆ. "ಆಯ್ತೇನವ್ವಾ?"

ಮದ್ದೂರಿನ ವಾಚ್ ಅಂಗಡಿಯಿಂದ ಹೊಸ ಗುಂಡಿ ಬ್ಯಾಟರಿ ತರಿಸಿದೆವು. ಈಗ ತಾರೀಖು ನಿಲ್ಲುತ್ತೆ. ಹೊಸ ಬ್ಯಾಟರಿ ತಾರೀಖನ್ನು ಕಾಯುತ್ತೆ, ಸೊನ್ನೆಯನ್ನೂ ಅಷ್ಟೇ ನಿಯತ್ತಾಗಿ ಕಾಯುತ್ತೆ. ಮೂರು ದಿನ ರಿಸೆಟ್ ಮೇಲೆ ರಿಸೆಟ್ ಮಾಡಿದೆನಲ್ಲ, ಎಂಥ ದಡ್ಡಿ ನಾನು. ಇದರ ಕಾಯಿಲೆಯೇ ರಿಸೆಟ್.

ಮಧ್ಯಾಹ್ನ ಮಂಗಳಕ್ಕ ತನ್ನ ಮುದ್ದೆಯಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದಳು. ಎಂಟು ವರ್ಷ ಆಯಿತಂತೆ ಈ ಕುರ್ಚಿಯಲ್ಲಿ ಕೂತು. ಅದಕ್ಕೆ ಮುಂಚೆ ಕಬ್ಬು ಕಡಿಯಲು ಹೋಗುತ್ತಿದ್ದಳು. "ನಮ್ ವಂಸ್ದಲ್ಲಿ ನೆಳ್ಳಲ್ಲಿ ಕೂತ್ಕಂಡು ದುಡ್ದೋಳು ನಾನೇ ಮೊದ್ಲು ಕಣವ್ವ. ಹೆಂಗ್ಸು ತೂಕ ಮಾಡುದ್ರೆ ಮೋಸ ಮಾಡ್ತಾಳೆ ಅಂತ ಎಷ್ಟ್ ಜನ ಅಂದ್ರು ಗೊತ್ತಾ? ಚೀಟಿ ಮಿಸಿನ್ ಕೊಡ್ತದೆ, ನಾನಲ್ಲ ಅಂತ ಬಾಯ್ ಮುಚ್ಚುಸ್ದೆ. ಈಗ ನೋಡು, ಮಿಸಿನ್ನೇ ಬಾಯ್ ಮುಚ್ಕತು."

ಆಮೇಲೆ, "ನಿಮ್ ಕಾಲೇಜ್ ಮೇಷ್ಟ್ರನ್ನ ಕೇಳವ್ವ ಒಂದ್ ಮಾತ" ಅಂದಳು.

ಬೇಡಕ್ಕ, ನಂಗೊತ್ತು ಅಂದೆ. ಕೇಳೋದು ಹೇಗೆ? ಸ್ಕೂಲ್ ಹಾಸ್ಟೆಲಿನಲ್ಲಿ ಡೌಟ್ ಕೇಳಿದವಳಿಗೆ ಟ್ಯೂಬ್‌ಲೈಟ್ ಅಂತ ಹೆಸರಿಡುತ್ತಿದ್ದರು. ಒಂದು ಸಲ ಹೆಸರು ಬಿತ್ತು ಅಂದರೆ ಟೆಂತ್ ಮುಗಿಯುವ ತನಕ ಅದೇ. ನನಗೆ ಬೀಳಲಿಲ್ಲ, ಯಾಕಂದರೆ ನಾನು ಒಂದು ಡೌಟೂ ಕೇಳಲಿಲ್ಲ. ರ‍್ಯಾಂಕ್ ಬಂತು. ಅದೇ ಕಾರಣಕ್ಕೆ ಈಗ ಇಲ್ಲಿ ಕೂತಿದ್ದೀನಿ.


ಅಕ್ಟೋಬರ್ 8, ಬುಧವಾರ

ಬಂತು! ತೂಕ ಬಂತು!

ಸೆಟ್ಟಿಂಗ್ಸ್ ಪೇಜಿನಲ್ಲಿ ಆ ವೈರು ಸಿಕ್ಕಿಸುವ ಪೋರ್ಟಿಗೆ ಒಂದಷ್ಟು ಆಯ್ಕೆಗಳಿವೆ. ಒಂದೊಂದನ್ನೇ ಹಾಕುತ್ತ ಹೋದೆ. ಒಂದಕ್ಕೆ ಸೊನ್ನೆ ಹೋಗಿ ಅಂಕಿ ಬಂತು, ಪೆಟ್ಟಿಗೆಯಲ್ಲಿದ್ದದ್ದೇ ಸ್ಕ್ರೀನಿನಲ್ಲೂ. ಮಂಗಳಕ್ಕ ಎರಡೂ ಕೈಯಿಂದ ನನ್ನ ಕೆನ್ನೆ ಸವರಿ ನೆಟಿಗೆ ಮುರಿದಳು. ಮಾವ ರೋಡಿಗೆ ಹೋಗಿ ಯಾರ‍್ಯಾರಿಗೋ ಕೂಗಿ ಹೇಳಿದ.

ನಾಳೆಯೇ ಪೂರಿಗಾಲಿ. ಅಮ್ಮನಿಗೆ ಒತ್ತು ಶ್ಯಾವಿಗೆ ಮಾಡು ಅಂದಿದ್ದೀನಿ.


ಅಕ್ಟೋಬರ್ 9, ಗುರುವಾರ

ಬಸ್ಸಿಗೆ ಹೊರಟಿದ್ದೆ. ಬ್ಯಾಗ್ ಹೆಗಲಲ್ಲೇ ಇತ್ತು.

ಕರಿಯಪ್ಪ ಟ್ರ್ಯಾಕ್ಟರು ತಂದು ವೇಬ್ರಿಡ್ಜಿಗೆ ಅಡ್ಡ ನಿಲ್ಲಿಸಿದರು. ಬೆಳಿಗ್ಗೆ ಇಲ್ಲಿ ಕಬ್ಬು ತೂಕ ಮಾಡಿಸಿಕೊಂಡು ಆಲೆಮನೆಗೆ ಹೊರಟಿದ್ದರು. ಚೀಟಿ ನೋಡಿ ಅನುಮಾನ ಬಂದು, ಮದ್ದೂರು ದಾರಿಯ ಇನ್ನೊಂದು ವೇಬ್ರಿಡ್ಜಿನಲ್ಲಿ ಮತ್ತೆ ತೂಗಿಸಿದ್ದಾರೆ.

"ಮಂಗಳಮ್ಮೋ, ಒಂದೂವರೆ ಟನ್ ಕಬ್ಬ ಎಲ್ಲಿಕ್ಕಂಡೆ? ಸೆರಗಲ್ಲಿ ಗಂಟಾಕಂಡ್ಯಾ?"

"ಬಾಯ್ ಬಿಗಿ ಇಟ್ಕಂಡು ಮಾತಾಡು ಕರಿಯಪ್ಪಣ್ಣ. ಮಿಸಿನ್ ಕೊಟ್ಟಿದ್ದ ಕೊಟ್ಟಿವ್ನಿ."

"ಮಿಸಿನ್ ಕೊಡ್ತದೆ, ಕೊಡ್ಸೋ ಕೈ ಯಾವ್ದು?"

ಮಾವ ಎರಡು ಚೀಟಿಯನ್ನೂ ಒಂದರ ಪಕ್ಕ ಒಂದು ಹಿಡಿದು ನೋಡಿದ. ನಾನು ಸ್ಕ್ರೀನ್ ನೋಡಿದೆ. ಆಗ ಗೊತ್ತಾಯಿತು. ಹಲಗೆ ಖಾಲಿ ಇತ್ತು, ಪೆಟ್ಟಿಗೆಯಲ್ಲಿ ಸೊನ್ನೆ ಇತ್ತು, ಸ್ಕ್ರೀನಿನಲ್ಲಿ ಮಾತ್ರ ಹಿಂದೆ ನಿಂತಿದ್ದ ಗಾಡಿಯ ತೂಕ ಹಾಗೇ ನಿಂತುಬಿಟ್ಟಿತ್ತು. ನಾನು ಹಾಕಿದ ಸೆಟ್ಟಿಂಗು ಅರ್ಧ ಸರಿ. ಸ್ವಲ್ಪ ಹೊತ್ತು ಅಂಕಿ ಬರುತ್ತೆ, ಆಮೇಲೆ ಹಳೇ ಅಂಕಿಯ ಮೇಲೇ ಕೂತುಬಿಡುತ್ತೆ. ಕರಿಯಪ್ಪ ಅವರ ಕಬ್ಬಿಗೆ ಅದಕ್ಕೆ ಮುಂಚಿನ ಗಾಡಿಯ ತೂಕ ಪ್ರಿಂಟ್ ಆಗಿದೆ.

"ಪೆಟ್ಗೆ ನೋಡ್ಲಿಲ್ವಾ ನೀನು?" ಮಾವ ಮಂಗಳಕ್ಕನನ್ನು ಕೇಳಿದ.

"ಮಗ ಸರಿ ಮಾಡವ್ಳೆ ಅಂತ ನಂಬ್ಕಂಡು ಸ್ಕ್ರೀನ್ ನೋಡ್ದೆ ಚಲುವಣ್ಣ." ನನ್ನ ಕಡೆ ತಿರುಗಿದಳು. "ನೀನಾರಾ ಒಂದ್ ಮಾತ ಏಳವ್ವ."

ಎಲ್ಲರೂ ನನ್ನನ್ನು ನೋಡಿದರು. ನಾನು ಬ್ಯಾಗಿನ ಜಿಪ್ ಎಳೆದೆ, ಮುಚ್ಚಿದೆ, ಮತ್ತೆ ಎಳೆದೆ.

"ಆ ಹೆಣ್ಮಗೀನ ಯಾಕ್ ಎಳೀತೀಯಾ ಇದ್ರೊಳಕೆ?" ಅಂದ ಮಾವ. "ಸೋಮ್ವಾರದಿಂದ ಸಂತೋಸ್‌ನ ಕೂರುಸ್ತೀನಿ. ನೀನು ಬರೋದ್ ಬ್ಯಾಡ."

ಸಂತೋಷ್ ಅತ್ತೆಯ ಅಣ್ಣನ ಮಗ. ಡಿಗ್ರಿ ಮುಗಿಸಿ ಮನೆಯಲ್ಲಿದ್ದಾನೆ.

ಬಸ್ಸು ಹೋಯಿತು. ಬ್ಯಾಗ್ ಮತ್ತೆ ಅಟ್ಟದ ಮೇಲೆ.


ಅಕ್ಟೋಬರ್ 10, ಶುಕ್ರವಾರ

ಬೆಳಿಗ್ಗೆ ಮಂಗಳಕ್ಕ ಬಂದಳು, ಶನಿವಾರದವರೆಗೆ ಬರಬೇಕಲ್ಲ ಅಂತ. ನನ್ನ ಹತ್ತಿರ ಮಾತಿಲ್ಲ. ಕೈಚೀಟಿ ಬರೆದಳು. ಬರೆದದ್ದನ್ನು ಒಬ್ಬೊಬ್ಬರಿಗೂ ಪೆಟ್ಟಿಗೆ ತೋರಿಸಿ, "ನೋಡ್ಕಳಪ್ಪ, ನಿನ್ ಕಣ್ಣಾರೆ ನೋಡ್ಕ" ಅಂದಳು. ಬಂದದ್ದೇ ನಾಲ್ಕೈದು ಗಾಡಿ. ಉಳಿದವರು ಕೈ ಬೀಸಿಕೊಂಡು ಮದ್ದೂರು ಕಡೆ ಹೋದರು.

ಊಟದ ಹೊತ್ತಿಗೆ ಹೇಳಿಬಿಟ್ಟೆ. ಅಕ್ಕ, ಆವತ್ತು ನಾನು ಎಫ್ ಒನ್ ಒತ್ತಲಿಲ್ಲ, ಎಫ್ ಟು ಒತ್ತಿದೆ. ಕುಂಬಳಕಾಯಿದೇನೂ ತಪ್ಪಿಲ್ಲ.

ಅವಳು ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದಳು. "ಎಂಟ್ ದಿನ ನನ್ ಮಗ್ಲಲ್ಲೇ ಕೂತಿದ್ದೆಯಲ್ಲೇ!"

ಹೂಂ.

"ನಂಗ್ಯಾಕ್ ಏಳೀಯ. ಓಗು, ಅಲ್ಲಿ ಏಳೋಗು."

ಹೋದೆ. ಮಾವ ಹಟ್ಟಿಯ ಮುಂದೆ ಹಸುವಿಗೆ ನೀರಿಡುತ್ತಿದ್ದ. ಎಲ್ಲ ಹೇಳಿದೆ. ಎಫ್ ಟು, ರಿಸೆಟ್, ಅರ್ಧ ಸರಿಯಾದ ಸೆಟ್ಟಿಂಗು, ಮಂಗಳಕ್ಕನದು ಏನೂ ತಪ್ಪಿಲ್ಲ ಅನ್ನುವುದು. ಹೊಡೀತಾನೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು.

ಮಾವ ಆ ಕಡೆ ಈ ಕಡೆ ನೋಡಿ, "ಮೆತ್ಗೆ ಮಾತಾಡು" ಅಂದ. "ಯಾರ್ಗಾರಾ ಅಂದ್ಯಾ ಇದ್ನ?"

ಮಂಗಳಕ್ಕನಿಗೆ ಮಾತ್ರ.

"ಅವ್ಳ ಮಾತ ಯಾರ್ ನಂಬಾರು? ನೀನು ಸುಮ್ಕಿರು ಅಮ್ಮಣ್ಣಿ. ನಮ್ ಮಗ ಕಂಪ್ಯೂಟ್ರು ಓದ್ತಾವ್ಳೆ ಅಂತ ಬೆಸಗರಳ್ಳಿ ತುಂಬಾ ಏಳ್ಕಂಡ್ ತಿರುಗ್ತಿವ್ನಿ ನಾನು. ಅವ್ಳೇ ಕೆಡ್ಸುದ್ಲು ಅಂದ್ರೆ ನನ್ ಮಕದ್ ಮೇಲೆ ಉಗೀತಾರೆ."

ಮಂಗಳಕ್ಕನ ಮುಖ? ಅಂದೆ.

"ಅವ್ಳಿಗೆ ಅಭ್ಯಾಸ ಬುಡು."

ಹಸು ಬಕೆಟ್ಟಿನ ನೀರು ಪೂರ್ತಿ ಕುಡಿಯಿತು. ಹೇಳಿದರೆ ಮುಗಿಯುತ್ತೆ ಅಂದುಕೊಂಡಿದ್ದೆನಲ್ಲ. ಹೇಳಿದ ಮೇಲೂ ಬಾಗಿಲು ತೆಗೆಯಲಿಲ್ಲ. ಮಂಗಳಕ್ಕನ ಕುರ್ಚಿ ಉಳಿಯಬೇಕಾದರೆ ಮಿಷಿನ್ನೇ ಬಾಯಿ ಬಿಡಬೇಕು, ಅವಳ ಕೈಯಲ್ಲೇ ಸರಿಯಾದ ಚೀಟಿ ಬಂದು ಕೆಟ್ಟದ್ದು ಮಿಷಿನ್ನು, ಅವಳಲ್ಲ ಅಂತ ಎಲ್ಲರಿಗೂ ಕಾಣಬೇಕು, ಬೇರೆ ಯಾರ ಮಾತೂ ನಡೆಯುವುದಿಲ್ಲ.


ಅಕ್ಟೋಬರ್ 11, ಶನಿವಾರ

ಬೆಳಿಗ್ಗೆ ಮಾವನಿಗೆ ಹೇಳದೆ ಬಸ್ ಹತ್ತಿದೆ. ಪೂರಿಗಾಲಿಗಲ್ಲ. ಮದ್ದೂರು ದಾರಿಯ ಆ ಇನ್ನೊಂದು ವೇಬ್ರಿಡ್ಜಿಗೆ. ಸಾಲಾಗಿ ಟ್ರ್ಯಾಕ್ಟರು ನಿಂತಿದ್ದವು, ಅರ್ಧ ನಮ್ಮ ಗಿರಾಕಿಗಳೇ. ಕಿಟಕಿಯಲ್ಲಿ ಬಗ್ಗಿ ನೋಡಿದರೆ ಅದೇ ಬಣ್ಣದ ಪೆಟ್ಟಿಗೆ, ಅದೇ ಹಳೇ ಕಂಪ್ಯೂಟರು. ಒಳಗೆ ಕೂತಿದ್ದವರು ಜವರಯ್ಯ ಅಂತೆ, ಅವರೇ ಓನರು.

ನಾನು ಚಲುವರಾಜು ಅವರ ಅಕ್ಕನ ಮಗಳು, ನಮ್ಮ ಕಂಪ್ಯೂಟರಿನ ಸೆಟ್ಟಿಂಗ್ಸ್ ನಾನು ಅಳಿಸಿಬಿಟ್ಟಿದ್ದೀನಿ, ನಿಮ್ಮದರಲ್ಲಿ ಏನಿದೆ ಅಂತ ಒಂದು ಸಲ ನೋಡಬಹುದಾ ಅಂದೆ.

ಸಾಲಿನಲ್ಲಿದ್ದವರಿಗೆಲ್ಲ ಕೇಳಿಸಿತು. ಒಬ್ಬ, "ಓ, ಇಂಜಿನಿಯರಮ್ಮ ಇವ್ರೇಯಾ?" ಅಂದ. ಎಲ್ಲರೂ ನಕ್ಕರು. ನಗಲಿ ಅಂತ ನಿಂತಿದ್ದೆ.

"ನಿಮ್ದು ಕೆಟ್ಟು ಕೂತ್ರೆ ನಮ್ಗೆ ಸುಗ್ಗಿ ಕಣಮ್ಮ," ಅಂದರು ಜವರಯ್ಯ. "ಸೆಟ್ಟಿಂಗ್ ನೋಡ್ಬೇಕಾರೆ ಇದ್ನ ಆಫ್ ಮಾಡ್ಬೇಕು. ಮಾಡ್ದೆ ಅನ್ನು, ಇವ್ರು ನನ್ನೇ ಹಲ್ಗೆ ಮೇಲ್ ಎತ್ತಾಕಿ ತೂಗ್ತಾರೆ. ಯಾರ್ಗ್ ಏನಾಯ್ತು ಅಂತ ಇಷ್ಟ್ ದೂರ ಬಂದೆ?"

ಮಂಗಳಮ್ಮನನ್ನು ಬಿಡಿಸ್ತಿದ್ದಾರೆ ಅಂದೆ.

ಅವರು ಚೀಟಿ ಹರಿಯುವುದು ನಿಲ್ಲಿಸಿದರು. "ಮಂಗಳಮ್ಮನ್ನಾ? ಲೇ, ಆಯಮ್ಮನ ಬಾಯಿಗೆ ನಾನೇ ಎದ್ರುಕತ್ತೀನಿ, ಆದ್ರೆ ತೂಕದಲ್ಲಿ ಸುಳ್ಳು ಆಡೋಳಲ್ಲ." ಫೋನ್ ತೆಗೆದು ಹುಡುಕಿದರು. "ರಘುನಂದನ್ ಅಂತ. ಎರಡ್ ಕಡೇನೂ ಅವ್ರೇ ಕೂರ್ಸಿದ್ದು. ಅಂಗ್ಡಿ ಮುಚ್ಚಿ ಈಗ ಮಳವಳ್ಳೀಲಿ ಅವ್ರೆ. ಫೋನ್ ಎತ್ತದು ಕಷ್ಟ, ಮೆಸೇಜ್ ಆಕಿದ್ರೆ ನೋಡ್ತಾರೆ."

ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಒಂದು ಮೆಸೇಜ್ ಟೈಪ್ ಮಾಡಿದೆ, ಇಂಗ್ಲಿಷಿನಲ್ಲಿ, ನಾನು ಕಂಪ್ಯೂಟರ್ ಸೈನ್ಸ್ ಸ್ಟೂಡೆಂಟ್ ಅಂತ ಶುರು ಮಾಡಿ. ಓದಿದರೆ ಏನು ಬೇಕು ಅಂತ ನನಗೇ ತಿಳಿಯಲಿಲ್ಲ. ಅಳಿಸಿದೆ. ಈಗ ರೂಮಿನಲ್ಲಿ ಕೂತು ಇಲ್ಲಿ ಬರೆದುಕೊಂಡು ಆಮೇಲೆ ಕಳಿಸ್ತೀನಿ. ಮಂಗಳಕ್ಕ ಎದುರಿಗೆ ಕೂತು ಡ್ರಾಯರಿನಿಂದ ತನ್ನ ಸಾಮಾನು ತೆಗೆಯುತ್ತಿದ್ದಾಳೆ. ಬಾಚಣಿಗೆ, ಎಲೆಅಡಿಕೆ ಚೀಲ, ಕನ್ನಡಕದ ಡಬ್ಬಿ. ತೆಗೀಬೇಡಕ್ಕ, ಇರು ಅಂದೆ. "ಇರ್ತೀನಿ, ನೀನ್ ಬರಿ" ಅಂತಾಳೆ.

ರಘುನಂದನ್ ಸರ್, ನಮಸ್ಕಾರ. ನಾನು ಅಮೃತ. ಬೆಸಗರಹಳ್ಳಿ ರೋಡಿನ ಚಲುವರಾಜು ಅವರ ವೇಬ್ರಿಡ್ಜ್ ಕಂಪ್ಯೂಟರ್ ನೀವು ಕೂರಿಸಿದ್ದು. ಆಯುಧಪೂಜೆಗೆ ಪ್ಲಗ್ ಬಿಚ್ಚಿ ಹಾಕಿದ ಮೇಲೆ ಎಫ್ ಒನ್ ಒತ್ತುವ ಬದಲು ನಾನು ಎಫ್ ಟು ಒತ್ತಿದೆ. ನೀವು ಇಟ್ಟಿದ್ದ ಸೆಟ್ಟಿಂಗ್ಸ್ ಎಲ್ಲ ಹೋಯಿತು. ಪೆಟ್ಟಿಗೆಯ ತೂಕ ಕಂಪ್ಯೂಟರಿಗೆ ಸರಿಯಾಗಿ ಬರುತ್ತಿಲ್ಲ, ಹಳೇ ಅಂಕಿಯಲ್ಲೇ ನಿಂತುಬಿಡುತ್ತೆ. ಪೋರ್ಟಿಗೆ ಏನು ಹಾಕಬೇಕು, ಬೇರೆ ಇನ್ನೇನು ಬದಲಿಸಬೇಕು ನನಗೆ ಗೊತ್ತಿಲ್ಲ. ಸೆಟ್ಟಿಂಗ್ಸ್ ಪೇಜಿನ ಫೋಟೋ ಕಳಿಸಿದ್ದೀನಿ. ನಾನು ಮಾಡಿದ್ದಕ್ಕೆ ಮಂಗಳಮ್ಮನವರನ್ನು ಕೆಲಸದಿಂದ ತೆಗೀತಿದ್ದಾರೆ. ಸೋಮವಾರ ಬೆಳಿಗ್ಗೆ ಈ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ. ಅದಕ್ಕೆ ಮುಂಚೆ ತೂಕ ಬರಬೇಕು. ನಾನು ಕಂಪ್ಯೂಟರ್ ಮುಂದೆಯೇ ಕೂತಿದ್ದೀನಿ, ನೀವು ಹೇಳಿದ ಹಾಗೆ ಮಾಡ್ತೀನಿ. ದಯವಿಟ್ಟು ಬೇಗ ಉತ್ತರ ಕೊಡಿ.